ಬರೆದು ಅಳಿಸಿದ ನಂಬರು

ಮಾರ್ಚ್ ನಾಲ್ಕರ ಮಂಗಳವಾರ, ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಠಾಣೆಗೆ ಬಂದ ದೂರು ಇನ್ಸ್‌ಪೆಕ್ಟರರು ತಮ್ಮ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಕಂಡು ಕೇಳರಿಯದಂಥದು. ದೂರು ತಂದಾಕೆ ವಾದ್ಯದಂಗಡಿಯೊಂದರಲ್ಲಿ ಮೂವತ್ತೊಂದು ವರ್ಷದಿಂದ ಪಿಯಾನೊ ಶ್ರುತಿ ಮಾಡುವವರು. ಕಳವಾದದ್ದು ಅವರ ಫೋನ್ ನಂಬರು.

"ಯಾರಿಗೂ ಕೊಟ್ಟಿಲ್ಲ ಅಂತೀರಿ. ಮತ್ತೆ ಕಿವಿಯಂತ್ರ ಮಾರೋರಿಗೆ ಹೇಗಮ್ಮ ಸಿಕ್ತು?"

"ಅದನ್ನ ನೀವು ಕಂಡುಹಿಡೀತೀರಿ ಅಂತಲೇ ಬಂದಿದ್ದು ಸರ್."

ಉತ್ತರ ಇನ್ಸ್‌ಪೆಕ್ಟರರಿಗೆ ಹಿಡಿಸಿತು. ಕುರ್ಚಿ ಎಳೆದು ಕೊಟ್ಟರು.

ಎಡಗಿವಿಯನ್ನು ಅವರತ್ತ ತಿರುಗಿಸಿ ಕೂತು ಆಕೆ ಹೇಳಿದ್ದಿಷ್ಟು. ಒಂದು ವರ್ಷದಿಂದ ಬಲಗಿವಿ ಮಂದ. ಅಂಗಡಿಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಶನಿವಾರ ಮಧ್ಯಾಹ್ನ ಕಿವಿಯಂತ್ರದ ಅಂಗಡಿಯ ವೆಬ್‌ಸೈಟಿನಲ್ಲಿ ನಂಬರು ಬರೆದರು, 'ಬಲಗಿವಿ' ಎಂದೂ ಬರೆದರು. ಕಳಿಸಲು ಧೈರ್ಯ ಸಾಲದೆ ಎಲ್ಲವನ್ನೂ ಅಳಿಸಿ ಪುಟ ಮುಚ್ಚಿದರು. ಸೋಮವಾರ ವಾದ್ಯದಂಗಡಿಯ ಕೌಂಟರಿನ ಮೇಲಿದ್ದ ಅವರ ಫೋನ್ ಬಡಿದುಕೊಂಡಿತು. ಒಳಗಿನ ಕೋಣೆಯಲ್ಲಿದ್ದ ಅವರಿಗೆ ಅದು ಕೇಳಿಸಲಿಲ್ಲ, ಮಾಲೀಕರು ಎತ್ತಿದರು. 'ಬಲಗಿವಿ ಪರೀಕ್ಷೆಗೆ ಯಾವಾಗ ಬರ್ತೀರಿ?' ಎಂದಿತು ಕಿವಿಯಂತ್ರದ ಅಂಗಡಿಯ ದನಿ. ಅರ್ಧ ಗಂಟೆಯಲ್ಲಿ ಪಿಯಾನೊ ತಂತಿ ಬಿಗಿಯುವ ಶ್ರುತಿಯ ಕೀಲಿ ಮಾಲೀಕರ ಅಳಿಯನ ಕೈಗೆ ಹೋಯಿತು, ಆಕೆ ಬಿಲ್ಲಿನ ಕೌಂಟರಿಗೆ ಬಂದರು.

"ನನ್ನ ಕೆಲಸ ನನಗೆ ಬೇಕು ಸರ್. ಕಿವಿ ವಿಷಯ ಮುಚ್ಚಿಡ್ಬೇಕು ಅಂತಲ್ಲ. ಅದನ್ನ ನಾನೇ ಹೇಳ್ಬೇಕಿತ್ತು."

ಹತ್ತೂ ಕಾಲಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಇನ್ಸ್‌ಪೆಕ್ಟರ್ ಕಿವಿಯಂತ್ರದ ಅಂಗಡಿಯಲ್ಲಿದ್ದರು.

"ಈ ನಂಬರು ಎಲ್ಲಿ ಸಿಕ್ತು?"

"ಅವರೇ ಕಳಿಸಿದ್ರು ಸರ್," ಎಂದ ಅಂಗಡಿಯವ, ನಯವಾದ ದನಿಯ ಮಧ್ಯವಯಸ್ಕ.

"ತೋರಿಸಿ."

ಶನಿವಾರ ಕಳಿಸಿದವರ ಪಟ್ಟಿಯಲ್ಲಿ ನಾಲ್ಕು ಹೆಸರಿದ್ದವು. ಆಕೆಯದಿರಲಿಲ್ಲ.

"ಕಂಪ್ಯೂಟರ್ ಕೆಟ್ಟಿರ್ಬೇಕು ಸರ್."

"ಕೆಟ್ಟ ಕಂಪ್ಯೂಟರ್ ಸರಿಯಾದ ಕಿವೀನೇ ಹೇಳಿದೆಯಲ್ರೀ!"

ಅಂಗಡಿಯವನ ಮುಖ ಹುಳ್ಳಗಾಯಿತು, ಬಾಯಿ ಮಾತ್ರ ಬಿಡಲಿಲ್ಲ. ಬರೆದದ್ದನ್ನು ಅಳಿಸಿದ ಮೇಲೂ ಅದು ಹೇಗೆ ಹೋಯಿತು? ಇನ್ಸ್‌ಪೆಕ್ಟರ್ ತಲೆ ಕೆರೆದುಕೊಳ್ಳುತ್ತ ಠಾಣೆಗೆ ಮರಳಿದರು. ಅಲ್ಲಿ 'ಪಾಸ್‌ವರ್ಡಮ್ಮ' ಇದ್ದಳು. ಠಾಣೆಯವರ ಪಾಸ್‌ವರ್ಡುಗಳನ್ನೆಲ್ಲ ಬೈದು ಬೈದು ಬದಲಾಯಿಸಿ ಈ ಹೆಸರು ಗಳಿಸಿದ ಮಹಿಳಾ ಕಾನ್‌ಸ್ಟೆಬಲ್ ಆಕೆ.

"ಕಳಿಸು ಅಂತ ಒತ್ತಿದ್ರೆ ಮಾತ್ರ ಹೋಗತ್ತೆ ಅಂದ್ಕೊಂಡಿದ್ದೀರಾ ಸರ್? ಕೆಲವರು ಪುಟದೊಳಗೆ ಹಿಂಬಾಲಿಸೋ ಕೋಡ್ ಸೇರಿಸಿರ್ತಾರೆ. ನೀವು ಒಂದೊಂದು ಅಂಕಿ ಒತ್ತಿದ ಹಾಗೇ ಆ ಕಡೆ ಅದು ಬರ್ಕೊಳ್ತಾ ಹೋಗತ್ತೆ. ಅಳಿಸೋದೆಲ್ಲ ನಿಮ್ಮ ಪರದೆ ಮೇಲಷ್ಟೇ."

ಇನ್ಸ್‌ಪೆಕ್ಟರ್ ತಾವು ಎಲ್ಲೆಲ್ಲಿ ಏನೇನು ಬರೆದು ಅಳಿಸಿದ್ದರೆಂದು ನೆನೆದು ಸಣ್ಣಗೆ ಬೆವರಿದರು.

ಮಾರ್ಚ್ ಐದು, ಬುಧವಾರ. ಬೀದಿಯ ದರ್ಜಿ ಮತ್ತು ಕನ್ನಡಕದ ಅಂಗಡಿಯವ ಪಂಚಸಾಕ್ಷಿಗಳಾಗಿ ಠಾಣೆಗೆ ಬಂದರು. ಮೇಜಿನ ಮೇಲೆ ಹೊಸ ನಂಬರಿನ ಎರಡು ಫೋನ್. ಒಂದನ್ನು ಇದ್ದ ಹಾಗೇ ಬಿಟ್ಟು, ಇನ್ನೊಂದಕ್ಕೆ ಪಾಸ್‌ವರ್ಡಮ್ಮ ಹಿಂಬಾಲಿಕೆ ತಡೆಯುವ ಆ್ಯಪ್ ಹಾಕಿದಳು. ಹನ್ನೊಂದೂ ನಾಲ್ಕಕ್ಕೆ ದರ್ಜಿ ಎರಡರಲ್ಲೂ ಅದೇ ವೆಬ್‌ಸೈಟ್ ತೆರೆದು, ಆಯಾ ನಂಬರು ಬರೆದು, 'ಎಡಗಿವಿ' ಎಂದು ಸೇರಿಸಿ, ಎಲ್ಲವನ್ನೂ ಅಳಿಸಿದ.

"ಹೊಲಿದು ಬಿಚ್ಚೋದು ನನಗೇನು ಹೊಸದಲ್ಲ," ಎಂದ.

ಎಲ್ಲರೂ ಫೋನುಗಳನ್ನೇ ಪಿಳಿಪಿಳಿ ನೋಡುತ್ತ ಕೂತರು. ಹನ್ನೊಂದೂ ಮೂವತ್ತೊಂದಕ್ಕೆ ಮೊದಲ ಫೋನ್ ಬಡಿದುಕೊಂಡಾಗ ಕನ್ನಡಕದವ ಕುರ್ಚಿಯಿಂದ ಹಾರಿಬಿದ್ದ.

"ನಮಸ್ಕಾರ, ಎಡಗಿವಿ ಪರೀಕ್ಷೆಗೆ ಯಾವಾಗ ಬರ್ತೀರಿ?"

"ನನ್ನ ಕಿವಿ ಚೆನ್ನಾಗೇ ಇದೆ ಕಣಯ್ಯ!" ದರ್ಜಿ ಕೂಗಿದ. ಇನ್ಸ್‌ಪೆಕ್ಟರ್ ಅವನ ಬಾಯಿ ಮುಚ್ಚಿಸಿ ವೇಳೆ ಬರೆದುಕೊಂಡರು. ಎರಡನೆಯ ಫೋನ್ ಸಂಜೆ ನಾಲ್ಕಾದರೂ ಕಮಕ್ ಕಿಮಕ್ ಅನ್ನಲಿಲ್ಲ. ಪಂಚನಾಮೆಗೆ ಸಹಿ ಹಾಕೆಂದರೆ ದರ್ಜಿ ತನ್ನ ಫೋನನ್ನು ಮುಂದೆ ಚಾಚಿದ.

"ಮೊದಲು ನನ್ನದಕ್ಕೂ ಆ ಆ್ಯಪ್ ಹಾಕ್ಕೊಡಮ್ಮ, ಆಮೇಲೆ ಸಹಿ."

ಅವನ ಹಿಂದೆ ಸಾಲು ಬೆಳೆಯಿತು. ಮೂರನೆಯವರಾಗಿ ಇನ್ಸ್‌ಪೆಕ್ಟರರೇ ನಿಂತಿದ್ದರು.

"ಸರ್, ಆ್ಯಪ್ ಹಾಕಿದ್ರೆ ಮುಗೀಲಿಲ್ಲ," ಪಾಸ್‌ವರ್ಡಮ್ಮ ಗದರಿದಳು. "ಕಂಡಕಂಡಲ್ಲಿ 'ಎಲ್ಲಕ್ಕೂ ಒಪ್ಪಿಗೆ' ಒತ್ತೋದು ನಿಲ್ಲಿಸ್ಬೇಕು."

ಗುರುವಾರ ಬೆಳಿಗ್ಗೆ ಹತ್ತೂ ಹತ್ತಕ್ಕೆ ಕಿವಿಯಂತ್ರದ ಅಂಗಡಿಯ ಶೋಧನೆ ನಡೆಯಿತು. ಕಂಪ್ಯೂಟರಿನಲ್ಲಿ, ಜನ ಅಳಿಸಿದ್ದ ಇನ್ನೂರ ಹದಿನೆಂಟು ನಂಬರುಗಳು ಸಾಲಾಗಿ ಕೂತಿದ್ದವು. ಕಂಪ್ಯೂಟರ್ ಜಪ್ತಿಯಾಯಿತು, ಅಂಗಡಿಯವನ ಬಂಧನವಾಯಿತು. ಠಾಣೆಯಲ್ಲಿ ಆತ ನೀರು ಕುಡಿದು ಒಪ್ಪಿಕೊಂಡ.

"ಯಾಕ್ರೀ ಮಾಡಿದ್ರಿ?"

"ನಮ್ಮಪ್ಪ ಸರ್. ಕಿವಿ ಕೇಳದೆ ಆರು ವರ್ಷ ಮೂಲೇಲಿ ಸುಮ್ನೆ ಕೂತಿದ್ದು ತೀರ್ಕೊಂಡ್ರು. ಯಂತ್ರ ತಂದ್ಕೊಟ್ರೂ ಹಾಕ್ಕೊಳ್ಲಿಲ್ಲ. ಅದಕ್ಕೇ ಈ ಅಂಗಡಿ ಇಟ್ಟೆ. ಜನ ಬರೀತಾರೆ, ಅಳಿಸ್ತಾರೆ. ಅವರು ಹಾಗೇ ವಾಪಸ್ ಹೋಗೋದು ನೋಡೋಕಾಗ್ಲಿಲ್ಲ."

ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಪಿಯಾನೊದಾಕೆ ಪೆನ್ನು ಕೆಳಗಿಟ್ಟರು.

"ಆ ಯಂತ್ರಾನ ನಿಮ್ಮಪ್ಪನಿಗೆ ಹೇಗೆ ಕೊಟ್ರಿ?"

ಆತ ನೀರಿನ ಲೋಟ ಮೇಜಿನ ಮೇಲಿಟ್ಟ.

"ನೆಂಟರೆಲ್ಲ ಊಟಕ್ಕೆ ಕೂತಿದ್ರು. ಎಲ್ಲರ ಮುಂದೇನೇ ಕಿವಿಗೆ ಹಾಕೋಕೆ ಹೋದೆ."

ಹೇಳುತ್ತಿದ್ದಂತೆ ಅವನ ತಲೆ ತಾನಾಗಿ ತಗ್ಗಿತು. ಇನ್ಸ್‌ಪೆಕ್ಟರರಿಗೆ ಅಯ್ಯೋ ಅನ್ನಿಸಿತು, ಕೇಸನ್ನು ಮಾತ್ರ ಅವರು ಕೂದಲೆಳೆಯಷ್ಟೂ ಸಡಿಲಿಸಲಿಲ್ಲ.

ಪಿಯಾನೊದಾಕೆ ಸಹಿ ಹಾಕಿ ಹೊರಗೆ ಹೋದರು. ಸಾಕ್ಷಿ ಹೇಳಲು ಬಂದಿದ್ದ ವಾದ್ಯದಂಗಡಿಯ ಮಾಲೀಕರು ಜಗುಲಿಯ ಬೆಂಚಿನಲ್ಲಿದ್ದರು. ಆಕೆ ಅವರೆದುರು ನಿಂತರು.

"ಬಲಗಿವಿ ಮಂದವಾಗಿದೆ ಸರ್. ಬರೋ ವಾರ ಡಾಕ್ಟರಿಗೆ ತೋರಿಸ್ತೀನಿ. ಇದನ್ನ ನನ್ನ ಬಾಯಿಂದ ಕೇಳಿ ಅಂತ ಬಂದೆ."

ಮಾಲೀಕರು ತಡಬಡಿಸಿ ಎದ್ದು ನಿಂತರು.

"ನೀವು ನಾಳೆಯಿಂದಲೇ ಕೀಲಿ ಹಿಡೀರಮ್ಮ, ಪುಣ್ಯ ಬರತ್ತೆ. ಮೂರೇ ದಿನಕ್ಕೆ ಗಿರಾಕಿಗಳು ಮೂರು ಪಿಯಾನೊ ವಾಪಸ್ ತಂದು ಬಿಸಾಡಿ ಹೋಗಿದ್ದಾರೆ. ನನ್ನ ಅಳಿಯನಿಗೆ ಎರಡು ಕಿವೀನೂ ನೆಟ್ಟಗಿವೆ!"