ಮಂಚ ತಂದವನು

ಶಿಲ್ಪಾರಾಣಿ ದೇವಿದಾಸನಿಗೆ ಆಡಿದ ಮೊದಲ ಮಾತೇ ಬೈಗುಳ.

“ಅವ್ವಗ ಇಷ್ಟು ನೋವದ, ಎಲ್ಲಿ ಹೋಗಿದ್ರಿ ನೀವು? ಮಗ ಅನ್ಕೊಳಾಕ ನಾಚ್ಕಿ ಬರಲ್ಲೇನ್ರಿ?”

ಕಂಗ್ಟಿ ಊರಿನ ಆ ಒಂದೇ ಕೋಣೆಯ ಮನೆಯಲ್ಲಿ ಅವನು ಆಗ ತಾನೇ ಕಬ್ಬಿಣದ ಮಂಚ ಜೋಡಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಕಣ್ಣು ಪಿಳಿಪಿಳಿ ಬಿಟ್ಟು, ಮೂಲೆಯಲ್ಲಿ ಮಲಗಿದ್ದ ಕಾಂತಾಬಾಯಿಯ ಕಡೆ ನೋಡಿದ. ಮುದುಕಿಯೂ ಅವನನ್ನೇ ನೋಡುತ್ತಿದ್ದಳು. ಅವನು ತಲೆ ತಗ್ಗಿಸಿ, “ತಪ್ಪಾತ್ರಿ ಸಿಸ್ಟರ್,” ಎಂದ.

ಶಿಲ್ಪಾ ಜಹೀರಾಬಾದಿನ ಸೇವಾಸಂಸ್ಥೆಯೊಂದರ ನರ್ಸ್. ವಾಸಿಯಾಗದ ಕಾಯಿಲೆಯವರ ಮನೆಗೇ ಹೋಗಿ ನೋವು ತಗ್ಗಿಸುವುದು ಅವಳ ತಂಡದ ಕೆಲಸ. ಕಾಂತಾಬಾಯಿಗೆ ಎದೆಯ ಕ್ಯಾನ್ಸರ್. ಗಾಯ ತೊಳೆದು ಹೊತ್ತಿಗೆ ಸರಿಯಾಗಿ ನೋವಿನ ಮದ್ದಾದ ಮಾರ್ಫಿನ್ ಕೊಡಲು ಮನೆಯವರು ಯಾರಾದರೂ ಇರಲೇಬೇಕು. ಇಲ್ಲದಿದ್ದರೆ ರೋಗಿಯನ್ನು ವಾರ್ಡಿಗೆ ಸೇರಿಸುವುದು ತಂಡದ ರೂಢಿ. “ನಿಮಗ ಯಾರೂ ಇಲ್ಲೇನವ್ವ?” ಎಂದು ಶಿಲ್ಪಾ ಕೇಳಿದಾಗ ಕಾಂತಾಬಾಯಿ ಅವನತ್ತ ಬೆರಳು ಮಾಡಿ, “ಇಲ್ಲೇ ಇದ್ದಾನಲ್ಲ, ನನ್ನ ಮಗ,” ಎಂದಿದ್ದಳು. ಬೈಗುಳ ಶುರುವಾದದ್ದು ಅಲ್ಲಿಂದ.

ಬೈದು ಮುಗಿಸಿ ಅವಳು ಅವನಿಗೆ ಗಾಯ ತೊಳೆಯುವುದನ್ನು ಕಲಿಸಿದಳು. ಅವನು ಹತ್ತಿಯನ್ನು ತಪ್ಪಾಗಿ ಹಿಡಿದಾಗ ಮಣಿಕಟ್ಟು ಹಿಡಿದು ತೋರಿಸಿಕೊಟ್ಟಳು. ಅವನು ಕಲಿತ, ಕೈ ಬಿಡುವುದು ಮಾತ್ರ ಅವಳಿಗೆ ನೆನಪಾಗಲಿಲ್ಲ.

“ಕಲ್ತೆ ಅನಸ್ತದ್ರಿ,” ಎಂದು ಅವನೇ ಮೆಲ್ಲಗೆ ಹೇಳಬೇಕಾಯಿತು.

ಆಮೇಲೆ ಮಂಗಳವಾರ ಬಂತೆಂದರೆ ಸಾಕು, ವ್ಯಾನ್ ಕಂಗ್ಟಿ ಕಡೆ ಹೊರಳುತ್ತಲೇ ಶಿಲ್ಪಾಳ ಕೈ ಜಡೆಯತ್ತ ಹೋಗುತ್ತಿತ್ತು. ಡ್ರೈವರ್ ರಾಮುಲು ಕನ್ನಡಿಯಲ್ಲಿ ನೋಡಿ ಕೆಮ್ಮುತ್ತಿದ್ದ. ಅಲ್ಲಿ ದೇವಿದಾಸ ಮುದುಕಿಗೆ ತಲೆ ಬಾಚಿ, ಅಂಬಲಿ ಕುಡಿಸಿ ಕಾಯುತ್ತಿದ್ದ.

“ಇವತ್ತ ಬೈಯೋದಿಲ್ಲೇನ್ರಿ?”

“ಬೈಯೋ ಹಂಗ ಏನೂ ಇಟ್ಟಿಲ್ಲಲ್ಲ ನೀವು.”

“ಹಂಗಾದ್ರ ಮುಂದಿನ ವಾರ ಒಂದು ತಪ್ಪು ಮಾಡಿ ಇಡ್ತೀನ್ರಿ.”

ಅವಳು ಗೋಡೆಯತ್ತ ತಿರುಗಿ ನಕ್ಕಳು. ಮನೆಗೆ ಹೋಗಿ ಆ ನಗುವಿಗೆ ತನ್ನನ್ನೇ ಗದರಿಕೊಂಡಳು. ತಂಡದ ಡಾಕ್ಟರ್ ಸೌಮ್ಯಾ ಟ್ರೈನಿಂಗಿನಲ್ಲೇ ಹೇಳಿದ್ದರು: ಪೇಷಂಟ್ ಕಡೆಯವರ ಜೊತೆ ಮನಸ್ಸು ಬೆಸೆಯಬಾರದು. ದುಃಖದಲ್ಲಿರುವವರು ಉಪಕಾರದ ಋಣವನ್ನೇ ಪ್ರೀತಿ ಅಂದುಕೊಳ್ಳುತ್ತಾರೆ. ಅವನ ನೋಟವೂ ಬರೀ ಋಣವೇ ಆಗಿದ್ದರೆ? ಅವಳಿಗಂತೂ ಪ್ರೀತಿಯಾಗಿಬಿಟ್ಟಿತ್ತು.

ಹೀಗಿರುವಾಗ ಇನ್ನೊಬ್ಬ ರೋಗಿಗೆ ವೀಲ್‌ಚೇರ್ ಬೇಕೆಂದು ಅವಳು ನಾರಾಯಣಖೇಡಕ್ಕೆ ಹೋದಳು. ಬಡ ರೋಗಿಗಳಿಗೆ ಮಂಚ, ವೀಲ್‌ಚೇರ್ ಪುಕ್ಕಟೆ ಕೊಡುವ ಸಂಘದ ಗೋದಾಮು ಅಲ್ಲಿತ್ತು. ಅಂಗಳದಲ್ಲಿ ಪೈಪ್ ಹಿಡಿದು ವೀಲ್‌ಚೇರ್ ತೊಳೆಯುತ್ತಿದ್ದವನು ದೇವಿದಾಸ!

“ನಮ್ಮ ಹುಡುಗ್ರಿ ಸಿಸ್ಟರ್,” ಎಂದ ಗೋದಾಮಿನ ಪಾಂಡಪ್ಪ. “ಊರೂರಿಗಿ ಮಂಚ ಮುಟ್ಟಸ್ತಾನ. ಇವರವ್ವಂದು ತಾಂಡೂರಾಗ ಬಳಿ ಮಾರೋ ಅಂಗಡಿ ಅದ.”

ಶಿಲ್ಪಾಳ ಮುಖ ಕೆಂಪಾಯಿತು. “ಮತ್ತ ಕಂಗ್ಟಿ ಅವ್ವ ಯಾರ್ರಿ?”

ದೇವಿದಾಸ ನಲ್ಲಿ ನಿಲ್ಲಿಸಿದ. “ಮಂಚ ಇಳಸಾಕ ಹೋಗಿದ್ದೆ ಅಷ್ಟೇ. ಯಾರೂ ಇಲ್ಲಂದ್ರ ವಾರ್ಡಿಗಿ ಒಯ್ತಾರಂತ ಅವ್ವ ಅಂಜಿದ್ಲು. ನೀವೂ ಉಸುರು ತಗೊಳಾಕ ಬಿಡದ ಬೈದ್ರಿ. ಈಗ ಅಲ್ಲೇ ರೂಮ್ ಹಿಡದೀನಿ. ದಿನಾ ಗಾಯ ತೊಳದು ಔಷಧ ಕೊಟ್ಟೇ ಕೆಲಸಕ್ಕ ಬರ್ತೀನಿ, ಮುಂದಿನ ಹೊತ್ತಿಗಿ ತಿರುಗಿ ಹೋಗ್ತೀನ್ರಿ.”

ಶಿಲ್ಪಾಳಿಗೆ ಸಿಟ್ಟು, ಮರುಕ ಒಟ್ಟಿಗೇ ಉಕ್ಕಿ ಬಂದವು. ಮುಚ್ಚಿಡುವ ಹಾಗಿರಲಿಲ್ಲ, ಮಾರ್ಫಿನ್‌ನಂಥ ಅಮಲಿನ ಮದ್ದು ಮನೆಯವನಲ್ಲದವನ ಕೈಯಲ್ಲಿತ್ತು. ಹೇಳಿದರೆ ಕಾಂತಾಬಾಯಿಗೆ ಮನೆ ತಪ್ಪೀತು. ಅವಳು ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ದೇವಿದಾಸ ಒದ್ದೆ ಕೈ ಕಟ್ಟಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದ.

“ಗಾಯ ಹ್ಯಾಂಗದ?” ಎಂದರು ಡಾಕ್ಟರ್.

“ನಾ ತೊಳದಿದ್ರೂ ಇಷ್ಟು ಸ್ವಚ್ಛ ಇರ್ತಿರಲಿಲ್ಲ ಮೇಡಂ. ಔಷಧನೂ ಒಂದು ಹೊತ್ತು ತಪ್ಪಿಲ್ಲ.”

“ಹಂಗಾದ್ರ ಅವರನ್ನ ನಮ್ಮ ವಾಲಂಟಿಯರ್ ಮಾಡ್ಕೋ. ಅವ್ವಗ ನಾ ಬಂದು ಬೈತೀನಿ.”

ಫೋನ್ ಇಟ್ಟ ಶಿಲ್ಪಾ, “ಅವ್ವ ಮನ್ಯಾಗೇ ಇರ್ತಾಳ,” ಎಂದಳು. ದೇವಿದಾಸನ ಕಣ್ಣಲ್ಲಿ ನೀರಾಡಿತು. ಅದನ್ನು ಕಂಡದ್ದೇ ತಡ, ಇಷ್ಟು ದಿನ ತಡೆದಿಟ್ಟದ್ದು ಅವಳ ಬಾಯಿಂದ ಜಾರಿತು.

“ಪೇಷಂಟ್ ಮಗನ್ನ ಪ್ರೀತಿ ಮಾಡಬಾರದು, ನಿಮ್ಮದು ಬರೀ ಋಣ ಇರಬಹುದಂತ ನಾ ಎಷ್ಟು ಸಂಕಟ ಪಟ್ಟೀನಿ, ಗೊತ್ತದೇನ್ರಿ?”

ಪಾಂಡಪ್ಪ ಪೈಪ್ ಎತ್ತಿಕೊಂಡು ಒಳಗೆ ಹೋಗಿಬಿಟ್ಟ.

“ನಾ ಯಾರ ಋಣಕ್ಕೂ ಬಿದ್ದಿಲ್ರಿ,” ಎಂದ ದೇವಿದಾಸ. “ಮೊದಲನೇ ವಾರ ಅವ್ವನ ಸಲುವಾಗಿ ನಿಂತೆ. ಆಮ್ಯಾಲ ಮಂಗಳವಾರದ ಸಲುವಾಗಿನೂ ನಿಂತೆ.”

ಆ ಸಂಜೆ ಇಬ್ಬರೂ ಕಂಗ್ಟಿಗೆ ಹೋಗಿ ಮಂಚದ ಬದಿಗೆ ಕುಳಿತರು. ಸುಳ್ಳು ಗೊತ್ತಾಯಿತೆಂದು ತಿಳಿದರೂ ಕಾಂತಾಬಾಯಿ ಹೆದರಲಿಲ್ಲ. ಇಬ್ಬರ ಮುಖಗಳನ್ನೂ ಒಂದೊಂದಾಗಿ ನೋಡಿದಳು.

“ಮಗ ಸುಳ್ಳಿದ್ರ ಇರಲಿ. ಸೊಸಿ ಖರೇ ಏನು, ಅಷ್ಟು ಹೇಳು,” ಎಂದಳು.

ಶಿಲ್ಪಾ ಮುದುಕಿಯ ಬಡಕಲು ಕೈಯನ್ನು ಕೆನ್ನೆಗೊತ್ತಿಕೊಂಡಳು.

“ಖರೇನೇ, ಅತ್ತಿ.”