ಬಟ್ಟಲಿಗೆ ಬಂದ ಮೊಳೆಗಳು

"ಅಕ್ಕಾ, ನಾನು ವಿಷ ಹಾಕಿಲ್ಲ. ನೀವಾದ್ರೂ ನಂಬಿ."

ಕೆಳಗಿನ ಸೋಫಾ ಅಂಗಡಿಯವನ ಹೆಂಡತಿ ನಮ್ಮ ಬಾಗಿಲಲ್ಲಿ ನಿಂತು ಇಷ್ಟೇ ಹೇಳಿದಳು. ಅಂದು ಬೆಳಿಗ್ಗೆ ಅವಳ ಗಂಡ ಅಂಗಡಿಯ ಸೋಫಾದಲ್ಲಿ ಕೂತಲ್ಲೇ ಸತ್ತಿದ್ದ. ಕತ್ತು ಬಾತು, ತುಟಿ ನೀಲಿಯಾಗಿತ್ತು. ಪಕ್ಕದಲ್ಲಿ ಅವಳು ಕೊಟ್ಟ ಹಾಲಿನ ಲೋಟವಿತ್ತು. ಅತ್ತೆ ಪೊಲೀಸರೆದುರೇ ಸೊಸೆಯತ್ತ ಬೆರಳು ತೋರಿಸಿದ್ದರು. ಸಂಜೆ ಶವಪರೀಕ್ಷೆಯ ವರದಿ ಬಂದ ಮೇಲೆ ಠಾಣೆಗೆ ಕರೆದೊಯ್ಯುವುದಾಗಿ ಇನ್ಸ್‌ಪೆಕ್ಟರ್ ಹೇಳಿದ್ದ.

ನನ್ನ ಅಕ್ಕ ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿ ವರ್ಷಗಳಾದವು. ಆದರೂ ನಮ್ಮ ಕಟ್ಟಡದಲ್ಲಿ ಬೆಕ್ಕು ಕಾಣೆಯಾದರೂ ಜನ ಅವಳ ಬಾಗಿಲನ್ನೇ ತಟ್ಟುತ್ತಾರೆ. ಅವಳು ಮರೆತ ಕನ್ನಡಕ ಹಿಡಿದು ನಾನೂ ಹಿಂದೆಯೇ ಇಳಿದೆ.

ಲೋಟದಲ್ಲಿ ಅರ್ಧ ಹಾಲು ಉಳಿದಿತ್ತು, ಅದರೊಳಗೊಂದು ಸ್ಟ್ರಾ. ಅಂಚಿನಲ್ಲಿ ಇರುವೆಗಳು ಆರಾಮಾಗಿ ಓಡಾಡುತ್ತಿದ್ದವು. ಸೋಫಾದಲ್ಲಿ ಬೆನ್ನಿಗೆ ಒತ್ತಿಟ್ಟ ದಿಂಬುಗಳು, ಈ ಬೇಸಿಗೆಯಲ್ಲೂ ಒಂದು ಉಣ್ಣೆಯ ಮಫ್ಲರು, ಲವಂಗದೆಣ್ಣೆ ನಾರುವ ಕರವಸ್ತ್ರ. ಕೆಲಸದ ಮಣೆಯ ಪಕ್ಕ ಬಟ್ಟಲು ತುಂಬ ಚಿಕ್ಕ ಮೊಳೆಗಳು.

"ಮೊಳೆ ಬಟ್ಟಲಲ್ಲಿ ಯಾಕಿದೆ?" ಎಂದಳು ಅಕ್ಕ.

ಸತ್ತವನ ತಮ್ಮ ಮುಖ ತಿರುಗಿಸಿದ. ಆಗ ನನಗೂ ಹೊಳೆಯಿತು. ಸತ್ತವನು ಮೊಳೆಗಳನ್ನು ತುಟಿಯ ನಡುವೆ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದ. ನಮಗೆ "ಮ್ಮ್" ಎಂದೇ ನಮಸ್ಕಾರ ಹೇಳುತ್ತಿದ್ದ. "ಅದನ್ನು ಉಗಿದು ಮಾತಾಡೋ ಮಾರಾಯಾ" ಎಂದು ಅಕ್ಕ ರೇಗಿಸುತ್ತಿದ್ದಳು.

ಸಂಜೆ ಮನೆಯವರು, ಇನ್ಸ್‌ಪೆಕ್ಟರ್ ಎಲ್ಲರೂ ಅಂಗಡಿಯಲ್ಲಿ ಸೇರಿದರು.

"ಹಾಲಲ್ಲಿ ವಿಷ ಇದ್ದಿದ್ರೆ ಇರುವೆಗಳು ಸಾಯ್ತಿದ್ವು," ಎಂದು ಅಕ್ಕ ಶುರುಮಾಡಿದಳು. "ಅವನಿಗೆ ಬಾಯಿ ತೆರೆಯೋಕೇ ಆಗ್ತಿರಲಿಲ್ಲ. ಅದಕ್ಕೇ ಮೊಳೆ ಬಟ್ಟಲಿಗೆ ಬಂತು, ಹಾಲಿಗೆ ಸ್ಟ್ರಾ ಬಂತು. ನುಂಗೋಕಾಗದೆ ಹಾಲು ಉಳೀತು. ಮಲಗಿದ್ರೆ ಉಸಿರು ಕಟ್ತಿತ್ತು, ಅದಕ್ಕೇ ದಿಂಬಿಗೆ ಒರಗಿ ಕೂತಿದ್ದ. ಇನ್ನು ಲವಂಗದೆಣ್ಣೆ ಎಲ್ಲಿಗೆ ಹಚ್ತಾರೆ?"

"ಹಲ್ಲಿಗೆ," ಎಂದ ತಮ್ಮ ಮೆಲ್ಲಗೆ. "ಬುದ್ಧಿಹಲ್ಲು. ಎಣ್ಣೆ ನಾನೇ ತಂದುಕೊಟ್ಟೆ. ಮೊಳೆ ಒಂದೊಂದಾಗಿ ನಾನೇ ಎತ್ತಿ ಕೊಡ್ತಿದ್ದೆ. ಹಲ್ಲಿನ ಡಾಕ್ಟ್ರ ಕುರ್ಚಿಗೆ ಹೊದಿಕೆ ಹಾಕಿದವನೇ ಅವನು. ಅದರಲ್ಲಿ ಕೂರೋಕೆ ಮಾತ್ರ ಹೆದರ್ತಿದ್ದ. ಮನೇಲಿ ಹೇಳ್ಬೇಡ ಅಂದ."

"ನನ್ನ ಹತ್ರ ಗಂಟಲು ನೋವು ಅಂದ್ರು," ಎಂದಳು ಹೆಂಡತಿ. "ನೋವಿನ ಮಾತ್ರೆ ಪುಡಿ ಮಾಡಿ ಹಾಲಿಗೆ ಹಾಕ್ತಿದ್ದೆ. ಜ್ವರವೂ ಇಳೀತಿತ್ತು, ವಾಸಿಯಾಗ್ತಿದೆ ಅಂದ್ಕೊಂಡೆ."

ಅತ್ತೆ ಸೋಫಾದಿಂದ ಮಫ್ಲರನ್ನು ಎತ್ತಿಕೊಂಡರು. "ಕತ್ತು ಉಳುಕಿದೆ ಅಂದ ನನಗೆ. ಶಾಖ ಕೊಟ್ಟು ಮಫ್ಲರ್ ಸುತ್ತಿದ್ದು ನಾನೇ."

"ಬಾವು ಅದರ ಕೆಳಗೇ ಬೆಳೀತು," ಎಂದಳು ಅಕ್ಕ. "ಹಲ್ಲಿನ ಕೀವು ನಾಲಿಗೆಯ ಬುಡಕ್ಕೆ, ಕತ್ತಿಗೆ ಇಳಿದು ಉಸಿರಿನ ದಾರಿ ಮುಚ್ಚಿತು. ಬಾಯಿ ಬಿಗಿದಾಗಲೇ ಆಸ್ಪತ್ರೆಗೆ ಓಡಬೇಕಿತ್ತು."

ಅಷ್ಟರಲ್ಲಿ ಇನ್ಸ್‌ಪೆಕ್ಟರಿಗೆ ಫೋನು ಬಂತು. ಕೇಳಿಸಿಕೊಂಡು ತಲೆಯಾಡಿಸಿದ. ಶವಪರೀಕ್ಷೆ ಮಾಡಿದ ವೈದ್ಯರೂ ಅದನ್ನೇ ಹೇಳಿದ್ದರು. ಅವನು ಸೊಸೆಗೆ ಕೈಮುಗಿದು ಹೊರಟುಹೋದ.

"ನಾವು ಮೂವರು ಒಂದ್ಸಲ ಕೂತು ಮಾತಾಡಿದ್ದಿದ್ರೆ ಉಳೀತಿದ್ನಾ?" ಅತ್ತೆ ಕೇಳಿದರು.

ಅಕ್ಕ ಕನ್ನಡಕ ತೆಗೆದು ನನ್ನ ಕೈಗಿಟ್ಟಳು.

ಅತ್ತೆ ಮೊಳೆಯ ಬಟ್ಟಲನ್ನು ಎತ್ತಿ ಎದೆಗೆ ಅವಚಿಕೊಂಡರು, ಅದರೊಳಗೆ ಕೈ ಹಾಕಿ ಮೊಳೆಗಳನ್ನು ಹಿಂಡತೊಡಗಿದರು. ಸೊಸೆ ಹತ್ತಿರ ಬಂದು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಚುಚ್ಚೀತೆಂದು.