ಬೆಕ್ಕಿಗೋ ಎಮ್ಮೆಗೋ

ಕೀರ್ತನಾ ಸ್ಕೂಲಿನಿಂದ ಬರುವಷ್ಟರಲ್ಲಿ ಅವಳ ವೋಟು ಬಿದ್ದಿತ್ತು. ಹಾಕಿದವಳು ಅವಳಲ್ಲ.

"ಅಮ್ಮಾ! ಯಾರು ಒತ್ತಿದ್ದು ಇದನ್ನ?"

ಅವಳು ಫೋನನ್ನು ಅಮ್ಮನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಅದರಲ್ಲಿ ಒಂದು ಬೆಕ್ಕು ಬಾಲ ಆಡಿಸುತ್ತಾ ನಿಂತಿತ್ತು. ಕೆಳಗೆ 'ನಿಮ್ಮ ವೋಟಿಗೆ ಥ್ಯಾಂಕ್ಸ್' ಎಂದಿತ್ತು.

ಅಮ್ಮ ಬನಶಂಕರಿ ಒಲೆಯ ಮುಂದೆ ನಿಂತು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. "ನಮ್ ಬೀದಿ ಓಬುಳೇಶ ಬಂದಿದ್ದ ಕಣಮ್ಮ. ಸಂಘದ ಸಂಜೀವಪ್ಪನೋರು ಬೀದಿಯೋರ ಫೋನೆಲ್ಲಾ ಇಸ್ಕೊಂಡ್ಬಾ ಅಂದ್ರಂತೆ. ಇದ್ರಲ್ಲಿ ಬಟನ್ ತೆಗ್ದೇ ಇತ್ತಂತೆ. ಇಲ್ಲೇ ಒತ್ತಿ ವಾಪಸ್ ಕೊಟ್ಬುಟ್ಟ."

"ಅದು ನನ್ನ ವೋಟು!"

"ಫೋನು ನಂದು."

"ಅದ್ರಲ್ಲಿರೋ ಹೆಸ್ರು ನಂದು!"

"ಚಾರ್ಜ್ ಆಗೋ ಕರೆಂಟು ನಿಮ್ಮಪ್ಪಂದು. ಹೋಗು, ಕೈಕಾಲು ತೊಳ್ಕೋ."

ವೋಟು ಅಂದರೆ ಎಂಎಲ್‌ಎ ವೋಟಲ್ಲ. ಗೇಮ್ ವೋಟು. ಮನೆಯಲ್ಲೇ ಕೂತು ಗೇಮ್ ಮಾಡುವವರು ತಮ್ಮ ಗೇಮನ್ನು 'ಆಟದಂಗಡಿ' ಎಂಬ ವೆಬ್‌ಸೈಟಿಗೆ ಕಳಿಸುತ್ತಾರೆ. ಜನ ಆಡಿ ನೋಡಿ ವೋಟು ಹಾಕುತ್ತಾರೆ. ಒಂದು ಫೋನಿಗೆ ಒಂದೇ ವೋಟು. ಹೆಚ್ಚು ವೋಟು ಬಿದ್ದ ಗೇಮು ಅಂಗಡಿಯೊಳಗೆ ಹೋಗುತ್ತದೆ. ಆಮೇಲೆ ಯಾವ ದೇಶದವರು ಬೇಕಾದರೂ ಡೌನ್‌ಲೋಡ್ ಮಾಡಬಹುದು. ಸೋತದ್ದು ಹೊರಗೆ.

ಈ ಸಲ ಕೊನೆಗೆ ಉಳಿದಿದ್ದವು ಎರಡೇ. ಒಂದು 'ಮಗ್ಗದ ಬೆಕ್ಕು'. ಅದನ್ನು ಮಾಡಿದ್ದು ಹಿಂದೂಪುರದ ಇದೇ ನೇಕಾರರ ಬೀದಿಯ ನಾಗರಾಜು, ಕೀರ್ತನಾಳ ಸೋದರಮಾವ. ಇನ್ನೊಂದು 'ಎಮ್ಮೆಗೂ ಒಂದು ಸೀಟು'. ಅದನ್ನು ಮಾಡಿದ್ದು ಕಲ್ಯಾಣದುರ್ಗದ ತನುಜಾ ಎಂಬ ಕಾಲೇಜು ಹುಡುಗಿ. ಇವತ್ತು ಸಂಜೆ ಆರಕ್ಕೆ ವೋಟು ಬಂದ್.

ಕೀರ್ತನಾ ಬೆಕ್ಕಿನ ಆಟ ಮುಗಿಸಿದ್ದಳು. ಎಮ್ಮೆಯ ಆಟದಲ್ಲಿ ಒಂದು ಹಂತ ಬಾಕಿ ಇತ್ತು. ಎರಡೂ ಮುಗಿಸಿ, ಮನೆಯ ಮುಂದಿನ ಕಲ್ಲಿನ ಮೇಲೆ ಕೂತು, ಚೆನ್ನಾಗಿ ಯೋಚನೆ ಮಾಡಿ, ಆಮೇಲೆ ಒತ್ತಬೇಕು ಅಂದುಕೊಂಡಿದ್ದಳು. ವಾರದಿಂದ ಆ ವೋಟನ್ನು ಚಾಕೊಲೇಟಿನ ಹಾಗೆ ಉಳಿಸಿಟ್ಟುಕೊಂಡಿದ್ದಳು.

ಅವಳು ಬ್ಯಾಗ್ ಬಿಸಾಕಿ ಪಕ್ಕದ ಪವರ್‌ಲೂಮ್ ಶೆಡ್ಡಿಗೆ ಓಡಿದಳು. ಮಗ್ಗಗಳು ಟಕಟಕ ಟಕಟಕ ಎನ್ನುತ್ತಿದ್ದವು. ನಾಗರಾಜು ಹರಿದ ಎಳೆಗೆ ಗಂಟು ಹಾಕುತ್ತಿದ್ದ.

"ಮಾಮಾ, ನನ್ನ ವೋಟು ಯಾರೋ ಹಾಕ್ಬುಟ್ರು!"

"ಆಂ? ಕೋಟು ಯಾರು ಹಾಕ್ಕೊಂಡ್ರು?"

"ವೋಟು! ವೋಟು!"

"ಯಾರ್ಗೆ?"

"ನಿಂಗೇ!"

ನಾಗರಾಜುವಿನ ಮುಖದ ಮೇಲೆ ಮೊದಲು ಒಂದು ನಗು ಬಂತು. ಆಮೇಲೆ ಹೋಯಿತು. ಅವನು ಮಗ್ಗ ನಿಲ್ಲಿಸಿದ.

"ನೀನು ಯಾರ್ಗೆ ಹಾಕ್ಬೇಕು ಅಂತಿದ್ದೆ?"

"ಗೊತ್ತಿಲ್ಲ. ಎಮ್ಮೆದು ಇನ್ನೂ ಮುಗ್ಸಿರ್ಲಿಲ್ಲ."

"ಎಮ್ಮೆ ಚೆನ್ನಾಗೈತೆ ಅಲ್ವಾ?" ಅವನು ದನಿ ತಗ್ಗಿಸಿದ. "ನಾನೂ ಆಡ್ದೆ. ಬಸ್ ಕಿಟಕೀಲಿ ಟವಲ್ ಹಾಕಿ ಸೀಟ್ ಹಿಡಿಯೋ ಐಡಿಯಾ ನನ್ ತಲೆಗೆ ಹೊಳೀಲೇ ಇಲ್ಲ ನೋಡು."

"ನೀನು ಸೋತ್ರೆ?"

ನಾಗರಾಜು ಗಂಟನ್ನು ಎಳೆದು ನೋಡಿದ. ಹೋದ ಸಲ ಬೆಕ್ಕಿಗೆ ಬಿದ್ದಿದ್ದು ನಾಲ್ಕು ವೋಟು. ಅದರಲ್ಲಿ ಒಂದು ಅವನದೇ. ಎರಡು ಸಲ ಸೋತ ಗೇಮನ್ನು ಆಟದಂಗಡಿಯವರು ಮತ್ತೆ ಮುಟ್ಟುವುದಿಲ್ಲ. ಅದು ಕೀರ್ತನಾಳಿಗೂ ಗೊತ್ತಿತ್ತು. ಅವನು ಮಗ್ಗದ ಸ್ವಿಚ್ ಹಾಕಿದ. ಟಕಟಕ ಶುರುವಾಯಿತು.

ಕೀರ್ತನಾ ಅಲ್ಲಿಂದ ನೇಕಾರರ ಸಂಘದ ಹಾಲಿಗೆ ಹೊರಟಳು. ಜಗಳಕ್ಕೆ.

ಸಂಘಕ್ಕೆ ಯಾವಾಗಲೂ ಸಂಜೀವಪ್ಪ ತಾತನೇ ಅಧ್ಯಕ್ಷ. ಅಲ್ಲಿ ಎಲೆಕ್ಷನ್ ಅಂದರೆ ಯಾರೂ ವೋಟು ಹಾಕುವುದಿಲ್ಲ. ತಾತ ಎದ್ದು ನಿಂತು "ಏಕಗ್ರೀವ!" ಎನ್ನುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಖಾರಾಬೂಂದಿ ಹಂಚುತ್ತಾರೆ. ಏಕಗ್ರೀವ ಅಂದರೆ ಎಲ್ಲರದೂ ಒಂದೇ ಮಾತು. ಆ ಒಂದು ಮಾತು ಪ್ರತಿ ಸಲವೂ ಸಂಜೀವಪ್ಪ ತಾತನ ಬಾಯಲ್ಲೇ ಇರುತ್ತದೆ.

ಗೇಮ್ ಎಲೆಕ್ಷನ್ನಿಗೂ ತಾತ ಅದನ್ನೇ ಮಾಡಲು ಹೋದ. ಕಲ್ಯಾಣದುರ್ಗದ ಹುಡುಗಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದ. "ಏನಮ್ಮಾ ತನುಜಾ, ಈ ಸಲ ನಿನ್ನ ಎಮ್ಮೇನ ವಿತ್‌ಡ್ರಾ ಮಾಡ್ಸು. ಮುಂದಿನ ಸಲ ನಿಂದೇ ಏಕಗ್ರೀವ ಮಾಡ್ಸನ."

"ಮೊದ್ಲು ನನ್ನ ಗೇಮ್ ಆಡಿ ತಾತಾ," ಎಂದಿತ್ತು ಆ ಕಡೆಯ ದನಿ. "ಆಮೇಲೆ ನಿಮ್ದೂ ಆಡಿ. ಆಮೇಲೆ ಮಾತಾಡನ."

ತಾತ ಯಾವುದನ್ನೂ ಆಡಿರಲಿಲ್ಲ. ಅವನಿಗೆ ಬಟನ್ ಒತ್ತಲು ಮಾತ್ರ ಗೊತ್ತಿತ್ತು. ಆದರೆ ಆಟದಂಗಡಿಯವರ ರೂಲ್ಸು ಬೇರೆ ಇತ್ತು. ಒಂದು ಗೇಮಿನ ಮೊದಲ ಹಂತ ಗೆದ್ದರೆ ಮಾತ್ರ ಅದಕ್ಕೆ ವೋಟು ಹಾಕುವ ಬಟನ್ ತೆರೆಯುತ್ತಿತ್ತು.

ಹಾಗಾಗಿ ಸಂಘದ ಹಾಲಿನಲ್ಲಿ ಈಗ ಬೀದಿಯ ಮಕ್ಕಳೆಲ್ಲ ಸಾಲಾಗಿ ಕೂತಿದ್ದರು. ಮುಂದೆ ಕಂಡಿಕೆ ತುಂಬುವ ಬಿದಿರು ಬುಟ್ಟಿ. ನೂಲು ಸುತ್ತಿದ ಕಂಡಿಕೆಗಳ ಬದಲು ಅದರ ತುಂಬ ಫೋನುಗಳು. ಮಕ್ಕಳು ಒಂದೊಂದೇ ಫೋನು ತೆಗೆದು, ಬೆಕ್ಕನ್ನು ಓಡಿಸಿ, ವೋಟು ಒತ್ತಿ, ಇನ್ನೊಂದು ಬುಟ್ಟಿಗೆ ಹಾಕುತ್ತಿದ್ದರು.

ಬೆಕ್ಕು ಮಗ್ಗದ ಮೇಲೆ ಓಡುವಾಗ ಎಳೆ ಹರಿಯಬಾರದು. ಹರಿದರೆ ಫೋನಿನೊಳಗಿಂದ ಒಂದು ದನಿ ತೆಲುಗು ಕನ್ನಡ ಬೆರೆಸಿ ಬೈಯುತ್ತಿತ್ತು: "ಎವುರ್ರಾ ಅದಿ! ಬೆಕ್ಕನ್ನ ಒಳಕ್ಕೆ ಬಿಟ್ಟೋರು ಯಾರ್ಲಾ!"

ಆ ದನಿ ಸಂಜೀವಪ್ಪ ತಾತನದು. ಅವನು ಬೀದಿಯಲ್ಲಿ ಕೂಗಾಡುತ್ತಿದ್ದಾಗ ನಾಗರಾಜು ಕದ್ದು ರೆಕಾರ್ಡ್ ಮಾಡಿಕೊಂಡಿದ್ದ. ಇಡೀ ಬೀದಿಗೆ ಅದು ಗೊತ್ತಿತ್ತು, ತಾತನೊಬ್ಬನನ್ನು ಬಿಟ್ಟು.

"ಎವುರ್ರಾ ಅದಿ!" ಎಂದಿತು ಓಬುಳೇಶನ ಕೈಯ ಫೋನು. "ಎವುರ್ರಾ ಅದಿ!" ಎಂದಿತು ಮೂಲೆಯ ಫೋನು.

ತಾತ ಮೆಚ್ಚಿ ತಲೆ ಆಡಿಸಿದ. "ಯಾವನೋ ಒಳ್ಳೆ ಗತ್ತಾಗಿ ಬೈತಾವ್ನೆ. ದನಿ ಅಂದ್ರೆ ಹಂಗಿರ್ಬೇಕು."

ಮಕ್ಕಳು ನಗು ತಡೆಯಲಾಗದೆ ಬುಟ್ಟಿಯೊಳಕ್ಕೆ ಮುಖ ಹಾಕಿದರು.

ಕೀರ್ತನಾ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ತಾತಾ! ನನ್ನ ವೋಟು..."

"ಬಾರಮ್ಮ ಬಾ! ನಿನ್ನೇ ಕಾಯ್ತಾ ಇದ್ದೆ!" ತಾತ ಅವಳ ಮಾತು ಮುಗಿಯಲು ಬಿಡಲಿಲ್ಲ. "ನಮ್ ಬೀದೀಲಿ ನಿನ್ನಂಗೆ ಆಡೋರು ಯಾರವ್ರೆ? ಈ ಓಬುಳೇಶ ಒಂದು ಬೆಕ್ಕು ದಾಟ್ಸೋಕೆ ಅರ್ಧ ಗಂಟೆ ತಕೊಂತಾನೆ. ನೋಡು, ಎಮ್ಮೆ ಮುಂದೈತೆ. ನಿಮ್ ಮಾಮನ ಮರ್ಯಾದೆ ನಿನ್ನ ಕೈಯಾಗೈತೆ. ಏ, ಇವಳಿಗೆ ಬೂಂದಿ ಕೊಡ್ರೋ!"

ಕೀರ್ತನಾಳ ಸಿಟ್ಟು ಎಲ್ಲಿಗೆ ಹೋಯಿತೋ. ಒಂದು ಕೈಯಲ್ಲಿ ಬೂಂದಿ ಬಂತು, ಇನ್ನೊಂದರಲ್ಲಿ ಫೋನು. ಅವಳ ಹೆಬ್ಬೆರಳು ಮಿಂಚಿನ ಹಾಗೆ ಓಡಿತು. ಬೆಕ್ಕು ಹಾರಿತು, ನುಸುಳಿತು, ದಾಟಿತು. ಒತ್ತು. ಬುಟ್ಟಿಗೆ ಹಾಕು. ಮುಂದಿನದು. ಒತ್ತು. ಬುಟ್ಟಿಗೆ ಹಾಕು. ಯಾರ ಫೋನೆಂದು ಅವಳು ನೋಡಲೂ ಇಲ್ಲ. ಮಕ್ಕಳು "ಕೀರ್ತನಾ! ಕೀರ್ತನಾ!" ಎಂದು ಕೂಗುತ್ತಿದ್ದರು. ಬಹಳ ಮಜವಾಗಿತ್ತು.

ಬುಟ್ಟಿ ಖಾಲಿಯಾಗುತ್ತಾ ಬಂತು. ವೋಟಿನ ಲೆಕ್ಕದಲ್ಲಿ ಬೆಕ್ಕು ಎಮ್ಮೆಯ ಬಾಲದ ಹತ್ತಿರ ಬಂದಿತ್ತು.

ಆಗ ಬಾಗಿಲಲ್ಲಿ ಕೊಂಡಮ್ಮಜ್ಜಿ ಕಾಣಿಸಿದಳು. ಅಜ್ಜಿ ದಿನವೆಲ್ಲಾ ಕಂಡಿಕೆ ಸುತ್ತುವವಳು. ಅವಳ ಸೆರಗಿಗೆ ಬಣ್ಣಬಣ್ಣದ ರೇಷ್ಮೆ ಎಳೆಗಳು ಅಂಟಿಕೊಂಡಿದ್ದವು.

"ನನ್ ಫೋನ್ ಆಯ್ತೇನ್ರೋ? ಗೋರಂಟ್ಲದಿಂದ ಮಗಳು ಫೋನ್ ಮಾಡೋ ಹೊತ್ತು."

ಅದು ಕೀರ್ತನಾಳ ಕೈಯಲ್ಲೇ ಇತ್ತು. "ಈಗ್ಲೇ ಆಯ್ತದೆ ಅಜ್ಜಿ. ನಿನ್ನ ವೋಟೊಂದು ಹಾಕ್ಬುಡ್ತೀನಿ."

"ನನ್ ವೋಟಾ? ಯಾರ್ಗೆ?"

"ಬೆಕ್ಕಿಗೆ."

"ಬೆಕ್ಕು ಯಾಕೆ ನಿಂತ್ಕೊಂತಮ್ಮ ಎಲೆಕ್ಷನ್ನಿಗೆ? ಎದುರುಗಡೆ ಯಾರು?"

"ಎಮ್ಮೆ."

"ಥೂ, ಮನುಷ್ಯರು ಯಾರೂ ಸಿಕ್ಲಿಲ್ವಾ?"

ಹಾಲೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ. ಕೀರ್ತನಾಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. "ತಾ ಇಲ್ಲಿ. ಎರಡನ್ನೂ ತೋರ್ಸು. ನೋಡ್ದೆ ಹೆಂಗೆ ಹಾಕೋದು?"

ಕೀರ್ತನಾ ಗಡಿಯಾರ ನೋಡಿದಳು. ಆಮೇಲೆ ಎಮ್ಮೆಯ ಆಟ ತೆರೆದು ಅಜ್ಜಿಯ ಕೈಗೆ ಕೊಟ್ಟಳು.

ಪರದೆಯ ಮೇಲೆ ಹಿಂದೂಪುರ ಬಸ್ ಸ್ಟ್ಯಾಂಡು. ಕಲ್ಯಾಣದುರ್ಗದ ಬಸ್ಸು ಬಂತು. ಜನ ಬಾಗಿಲಿಗೆ ನುಗ್ಗಿದರು. ಎಮ್ಮೆ ಕತ್ತಿನಲ್ಲಿ ಟವಲ್ ಹಾಕಿಕೊಂಡು ಪಿಳಿಪಿಳಿ ನೋಡುತ್ತಾ ನಿಂತಿತ್ತು.

"ಅಯ್ಯೋ ಮಂಕೇ, ಕಿಟಕಿ ಕಡೆ ಹೋಗೇ!" ಅಜ್ಜಿ ಎಮ್ಮೆಗೆ ಕೂಗಿದಳು. "ಟವಲ್ ಹಾಕು! ಹಿಂದ್ಗಡೆ ಕಿಟಕಿ ಖಾಲಿ ಐತೆ, ಅಲ್ಲಿ ಹಾಕು!"

ಎಮ್ಮೆ ಟವಲ್ ಎಸೆಯಿತು. ಅದು ಕಂಡಕ್ಟರ್ ತಲೆಯ ಮೇಲೆ ಬಿತ್ತು. ಅಜ್ಜಿ "ಪೋ!" ಎಂದು ತೊಡೆ ತಟ್ಟಿಕೊಂಡು ಮತ್ತೆ ಆಡಿದಳು. ಮೂರನೇ ಸಲಕ್ಕೆ ಸೀಟು ಸಿಕ್ಕಿತು. ಎಮ್ಮೆ ಕಿಟಕಿಯಿಂದ ತೂರಿ ಒಳಗೆ ಕೂತಿತು. ಪಕ್ಕದ ಸೀಟಿನವನು ಕಿಟಕಿಯಿಂದ ಹೊರಗೆ ಬಿದ್ದ. ಅಜ್ಜಿಗೆ ನಗು ಹತ್ತಿ ಕಣ್ಣಲ್ಲಿ ನೀರು ಬಂತು.

"ಈಗ ಬೆಕ್ಕು," ಎಂದಳು ಸೆರಗಲ್ಲಿ ಕಣ್ಣೊರೆಸಿಕೊಂಡು.

ಬೆಕ್ಕು ಎರಡು ಹೆಜ್ಜೆ ಹಾಕಿತಷ್ಟೇ, ಎಳೆ ಹರಿಯಿತು. "ಎವುರ್ರಾ ಅದಿ!"

"ಅಯ್ಯ! ಇದು ನಮ್ ಸಂಜೀವಪ್ಪನ ಬಾಯಿ!"

ಮಕ್ಕಳ ಬೆರಳುಗಳು ಫೋನಿನ ಮೇಲೇ ನಿಂತವು. ತಾತ ನಿಧಾನಕ್ಕೆ ಬಂದು ಕಿವಿ ಕೊಟ್ಟ. ಅಜ್ಜಿ ಇನ್ನೊಂದು ಎಳೆ ಹರಿದಳು. ತಾತ ಕೇಳಿದ. ಅಜ್ಜಿ ಮತ್ತೊಂದು ಹರಿದಳು.

"ನಾನು ಇಷ್ಟು ಜೋರಾಗಿ ಕೂಗ್ತೀನೇನ್ಲಾ?" ತಾತ ಓಬುಳೇಶನನ್ನು ಕೇಳಿದ.

"ಫೋನಾಗೆ ಸ್ವಲ್ಪ ಕಡಿಮೆ ಕೇಳ್ಸುತ್ತೆ ತಾತಾ."

ತಾತನ ಮೀಸೆ ಕುಣಿಯಿತು. "ಅಂದ್ರೆ ದೇಶ ದೇಶದ ಜನ ನನ್ನ ಬೈಗುಳ ಕೇಳ್ತಾರೆ! ಹಂಗಾದ್ರೆ ಬೆಕ್ಕು ಗೆಲ್ಲಲೇಬೇಕು!"

ಅಷ್ಟರಲ್ಲಿ ಅಜ್ಜಿಯ ಬೆಕ್ಕು ಹೇಗೋ ಆ ಕಡೆ ಸೇರಿತು. ಈಗ ಫೋನಿನಲ್ಲಿ ಎರಡು ಬಟನ್. ಒಂದರ ಮೇಲೆ ಬೆಕ್ಕು, ಇನ್ನೊಂದರ ಮೇಲೆ ಎಮ್ಮೆ. ಅಜ್ಜಿಯ ಹೆಬ್ಬೆರಳು ಎರಡರ ನಡುವೆ ನಿಂತಿತು. ಅತ್ತ ಹೋಯಿತು, ಇತ್ತ ಬಂತು. ಅಜ್ಜಿ ತುಟಿ ಮಡಚಿ ಯೋಚಿಸುತ್ತಿದ್ದಳು.

"ಬೆಕ್ಕು ಎಮ್ಮೆ ಸಮ ತಾತಾ, ಇದೊಂದೇ ವೋಟು ಬಾಕಿ!" ಓಬುಳೇಶ ಅರಚಿದ. "ಟೈಮ್ ಆಗ್ತಾ ಬಂತು!"

"ಏ ಕೊಂಡಮ್ಮ, ಏನ್ ಯೋಚ್ನೆ? ಆಡಿದ್ದು ಸಾಕು. ಫೋನ್ ಕೊಡು ಆ ಹುಡುಗಿಗೆ. ಕೀರ್ತನಾ, ಒತ್ತಮ್ಮ ಬೆಕ್ಕಿಗೆ!"

ಅಜ್ಜಿ ತಲೆ ಎತ್ತಿದಳು. ದೊಡ್ಡ ಮನುಷ್ಯರು ಹೇಳಿದಂತೆ ಕೇಳುವುದು ಅವಳಿಗೆ ಅಭ್ಯಾಸ. ಫೋನು ಕೀರ್ತನಾಳ ಕೈಗೆ ಬಂತು.

ಅಜ್ಜಿಯ ಕೈ ಬರಿದಾಗಿತ್ತು. ಆದರೆ ಅವಳ ಹೆಬ್ಬೆರಳು ಇನ್ನೂ ಗಾಳಿಯಲ್ಲಿ ಅತ್ತ ಇತ್ತ ಆಡುತ್ತಿತ್ತು.

ಕೀರ್ತನಾ ಆ ಬೆರಳನ್ನು ನೋಡಿದಳು. ಆಮೇಲೆ ತುಂಬಿದ ಬುಟ್ಟಿಯ ಕಡೆ ನೋಡಿದಳು. ಅದರಲ್ಲಿದ್ದ ಎಷ್ಟೋ ಫೋನುಗಳನ್ನು ಒತ್ತಿದ್ದು ಅವಳೇ.

"ಒತ್ತೇ! ನಿಮ್ ಮಾಮಂದೇ ಗೇಮು ಕಣೇ ಅದು!"

"ಗೊತ್ತು ತಾತಾ."

"ಗೊತ್ತಿದ್ರೆ ಏನ್ ನೋಡ್ತಿದೀಯ? ಒತ್ತು ಅಂತಿಲ್ವಾ ನಾನು!"

ಆ ಕೂಗು ಫೋನಿನಲ್ಲಿ ಬರುವುದಕ್ಕಿಂತ ನಿಜಕ್ಕೂ ಜೋರಾಗಿತ್ತು. ಕೀರ್ತನಾಳಿಗೆ ಬೆಕ್ಕು ಗೆಲ್ಲಬೇಕೆಂದು ಬಹಳ ಆಸೆಯಿತ್ತು. ಈ ಹಾಲಿನಲ್ಲಿದ್ದ ಎಲ್ಲರಿಗಿಂತಲೂ ಜಾಸ್ತಿ ಇತ್ತು.

ಅವಳು ಫೋನನ್ನು ಕೊಂಡಮ್ಮಜ್ಜಿಯ ಮಡಿಲಿನಲ್ಲಿಟ್ಟು, ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾನು ಒತ್ತಲ್ಲ."